ಫೋನು ನಮ್ಮದು, ಬೀಗದ ಕೈ ಯಾರದು?

ವೈಟ್‌ಫೀಲ್ಡ್‌ನ ಹೋಪ್ ಫಾರಂ ಬಳಿ ಚಹಾದ ದುಡ್ಡು ಕೊಡಬೇಕಾದರೂ, ಎಲೆಕ್ಟ್ರಾನಿಕ್ ಸಿಟಿಯ ಕಚೇರಿಯ ಮೇಲ್ ತೆರೆಯಲು ಬರುವ ಒಟಿಪಿ ನೋಡಬೇಕಾದರೂ, ಪೀಣ್ಯದ ವರ್ಕ್‌ಶಾಪಿಗೆ ಗಿರಾಕಿ ಕಳಿಸಿದ ಡ್ರಾಯಿಂಗ್ ನೋಡಬೇಕಾದರೂ ಕೈ ಹೋಗುವುದು ಒಂದೇ ಫೋನಿನ ಕಡೆಗೆ. ಅಂಥ ಫೋನನ್ನು ರೂಟ್ ಮಾಡಿಕೊಂಡವರಿಗೆ ಮೊದಲು ತಗಾದೆ ತೆಗೆಯುವುದು ಹಣ ಪಾವತಿಯ ಆ್ಯಪ್. ಈ ಸಾಧನ ಸುರಕ್ಷಿತವಲ್ಲ ಎಂದು ಒಂದು ಸಾಲು ತೋರಿಸಿ ಮುಚ್ಚಿಕೊಳ್ಳುತ್ತದೆ. ಆ ಸಾಲನ್ನು ಪೂರ್ತಿ ನಂಬುವಂತಿಲ್ಲ, ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ. ಆ್ಯಪ್ ನಿಜವಾಗಿ ಕೇಳುತ್ತಿರುವುದು ‘ಈ ಫೋನು ಸುರಕ್ಷಿತವೇ’ ಎಂದಲ್ಲ, ‘ಕಂಪನಿ ಕೊಟ್ಟಾಗ ಹೇಗಿತ್ತೋ ಹಾಗೇ ಇದೆಯೇ’ ಎಂದು. ಈ ಎರಡು ಪ್ರಶ್ನೆಗಳನ್ನು ಒಂದೇ ಎಂದು ಭಾವಿಸಿದ್ದರಿಂದ ರೂಟ್ ಮಾಡುವುದು ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ವರ್ಷಗಳಿಂದ ಒಂದೇ ಕಡೆ ಸುತ್ತುತ್ತಿದೆ.

ಆಂಡ್ರಾಯ್ಡ್‌ನ ಅಡಿಪಾಯ ಲಿನಕ್ಸ್. ಲಿನಕ್ಸ್‌ನಲ್ಲಿ ಪ್ರತಿ ಬಳಕೆದಾರನಿಗೂ ಒಂದು ಸಂಖ್ಯೆ ಇರುತ್ತದೆ. ಆಂಡ್ರಾಯ್ಡ್ ಈ ಏರ್ಪಾಡನ್ನು ಜಾಣತನದಿಂದ ಬಳಸಿಕೊಂಡಿದೆ: ನೀವು ಹಾಕಿಕೊಳ್ಳುವ ಪ್ರತಿಯೊಂದು ಆ್ಯಪನ್ನೂ ಒಬ್ಬ ಬೇರೆ ಬಳಕೆದಾರ ಎಂದು ಎಣಿಸಿ, 10000ದಿಂದ ಮೇಲಿನ ಒಂದು ಸಂಖ್ಯೆ ಕೊಡುತ್ತದೆ. ಹಾಗಾಗಿ ಒಂದು ಆ್ಯಪ್ ತನ್ನ ಜಾಗದಲ್ಲಿ ಬರೆದಿಟ್ಟ ಕಡತವನ್ನು ಇನ್ನೊಂದು ಆ್ಯಪ್ ಓದಲಾರದು. ಟಾರ್ಚ್ ಆ್ಯಪಿಗೆ ಬ್ಯಾಂಕ್ ಆ್ಯಪಿನ ಕೋಣೆಗೆ ಪ್ರವೇಶವಿಲ್ಲ. ಈ ನಿಯಮ ಅನ್ವಯಿಸದ ಬಳಕೆದಾರ ಒಬ್ಬನೇ, ಸೊನ್ನೆ ಸಂಖ್ಯೆಯವನು. ಅವನ ಹೆಸರೇ ರೂಟ್. ಫೋನು ಕೊಂಡವರಿಗೆ ಆ ಸ್ಥಾನ ಸಿಗುವುದಿಲ್ಲ. ಅದನ್ನು ಗಿಟ್ಟಿಸಿಕೊಳ್ಳುವುದೇ ರೂಟ್ ಮಾಡುವುದು. 2008ರಲ್ಲಿ ಬಂದ ಮೊದಲ ಆಂಡ್ರಾಯ್ಡ್ ಫೋನು ಟಿ-ಮೊಬೈಲ್ ಜಿ1ನಲ್ಲಿ ಇದಕ್ಕೆ ಕಷ್ಟಪಡಬೇಕಾಗಿಯೇ ಇರಲಿಲ್ಲ. ಅದರ ಕೀಲಿಮಣೆಯಲ್ಲಿ ಒತ್ತಿದ್ದೆಲ್ಲ ತೆರೆಯ ಮೇಲೆ ಮೂಡುವುದರ ಜೊತೆಗೆ, ತೆರೆಮರೆಯಲ್ಲಿ ರೂಟ್ ಅಧಿಕಾರದಿಂದ ಓಡುತ್ತಿದ್ದ, ಆಜ್ಞೆಗಳನ್ನು ನಡೆಸುವ ಶೆಲ್‌ಗೂ ಹೋಗುತ್ತಿತ್ತು. ಸಂದೇಶ ಬರೆಯುವಾಗ ಹೊಸ ಸಾಲಿನಲ್ಲಿ ‘ರೀಬೂಟ್’ ಎಂದು ಇಂಗ್ಲಿಷಿನಲ್ಲಿ ಬರೆದು ಎಂಟರ್ ಒತ್ತಿದರೆ ಫೋನು ನಿಜವಾಗಿಯೂ ಆರಿ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಗೂಗಲ್ ಬೇಗನೆ ಅದನ್ನು ಮುಚ್ಚಿತು. ಒಡೆಯನಿಗೆ ಅನುಕೂಲವಾಗಿದ್ದ ಆ ತೂತು ಕಳ್ಳನಿಗೂ ಅಷ್ಟೇ ಅನುಕೂಲವಾಗಿತ್ತು.

ರೂಟ್‌ನಿಂದ ಆಗುವ ಲಾಭಕ್ಕೆ ಕನ್ನಡಿಗರ ಪಾಲಿನ ಉದಾಹರಣೆ ಹಳೆಯದು, ಈಗ ಬಹುತೇಕರು ಮರೆತಿರುವುದು. ಆಂಡ್ರಾಯ್ಡ್‌ಗೆ ಕನ್ನಡ ಲಿಪಿಯ ಬೆಂಬಲ ಅಧಿಕೃತವಾಗಿ ಬಂದದ್ದು 2012ರ 4.1ನೇ ಆವೃತ್ತಿಯಲ್ಲಿ, ತೆಲುಗು ಮತ್ತು ಮಲಯಾಳದ ಜೊತೆಗೆ. ಅದಕ್ಕೂ ಮೊದಲಿನ ಹೆಚ್ಚಿನ ಫೋನುಗಳಲ್ಲಿ ಕನ್ನಡದ ಪುಟ ತೆರೆದರೆ ಕಾಣುತ್ತಿದ್ದುದು ಖಾಲಿ ಡಬ್ಬಿಗಳ ಸಾಲು. ಒಪೆರಾ ಮಿನಿ ಬ್ರೌಸರಿನ ಒಳ ಸೆಟ್ಟಿಂಗ್‌ಗೆ ಹೋಗಿ ಅಕ್ಷರಗಳನ್ನು ಚಿತ್ರವಾಗಿ ತರಿಸಿಕೊಳ್ಳುವ ಆಯ್ಕೆ ಒತ್ತಿದರೆ ಅಲ್ಲಿ ಮಾತ್ರ ಓದಬಹುದಿತ್ತು. ಎಸ್ಸೆಮ್ಮೆಸ್ಸಿಗೆ, ಮೇಲಿಗೆ ಅದು ಒದಗುತ್ತಿರಲಿಲ್ಲ. ಫೋನು ರೂಟ್ ಮಾಡಿದವರು ಸಿಸ್ಟಂ ವಿಭಾಗದ ಫಾಂಟ್ ಫೋಲ್ಡರಿಗೆ ಹೋಗಿ, ಅಲ್ಲಿದ್ದ ಬದಲಿ ಫಾಂಟನ್ನು ತೆಗೆದು ಕನ್ನಡ ಅಕ್ಷರಗಳಿರುವ ಫಾಂಟ್ ಇಡಬಹುದಿತ್ತು. ಡಬ್ಬಿಗಳು ಹೋಗಿ ಕನ್ನಡ ಬರುತ್ತಿತ್ತು. ಆದರೆ ಎಂಥ ಕನ್ನಡ? ‘ಅಕ್ಕ’ ಎಂಬ ಪದದಲ್ಲಿ ಒತ್ತು ಕೆಳಗಿಳಿಯದೆ, ಎರಡು ‘ಕ’ಗಳ ನಡುವೆ ಅರ್ಧಾಕ್ಷರದ ಚಿಹ್ನೆ ಒಂಟಿಯಾಗಿ ನಿಂತಿರುತ್ತಿತ್ತು. ಗುಣಿತದ ಚಿಹ್ನೆಗಳು ಅಕ್ಷರಕ್ಕೆ ಅಂಟದೆ ಪಕ್ಕದಲ್ಲಿ ತೂಗಾಡುತ್ತಿದ್ದವು. ಅಕ್ಷರಗಳ ಆಕಾರ ಫಾಂಟಿನಲ್ಲಿರುತ್ತದೆ, ಅವನ್ನು ಒಂದಕ್ಕೊಂದು ಜೋಡಿಸುವ ಕೆಲಸ ಮಾಡುವುದು ಬೇರೆಯೇ ತಂತ್ರಾಂಶ. ರೂಟ್ ಅಧಿಕಾರ ಕಡತವನ್ನು ಬದಲಿಸುವ ಅವಕಾಶ ಕೊಟ್ಟಿತು, ಇಲ್ಲದ ಜೋಡಣೆಯ ಬುದ್ಧಿಯನ್ನು ಕೊಡಲಿಲ್ಲ. ಅದಕ್ಕೆ ಇಡೀ ಕಾರ್ಯಾಚರಣ ವ್ಯವಸ್ಥೆಯನ್ನೇ ಬದಲಿಸುವ ಕಸ್ಟಮ್ ರೋಮ್ ಬೇಕಾಯಿತು.

ಇದೇ ಮಿತಿ ಇಂದಿಗೂ ಉಳಿದಿದೆ. ರೂಟ್ ಮಾಡಿದರೆ ಕಂಪನಿ ತುರುಕಿದ, ತೆಗೆಯಲು ಬಾರದ ಆ್ಯಪ್‌ಗಳನ್ನು ತೆಗೆಯಬಹುದು. ಪ್ರತಿಯೊಂದು ಆ್ಯಪಿನ ಪೂರ್ತಿ ಬ್ಯಾಕಪ್ ತೆಗೆಯಬಹುದು. ಯಾವ ಆ್ಯಪ್ ಯಾವ ಸರ್ವರಿನೊಂದಿಗೆ ಮಾತಾಡಬೇಕು ಎಂದು ಕಟ್ಟುಹಾಕಬಹುದು. ಬ್ಯಾಟರಿಯನ್ನು ಶೇಕಡಾ 80ಕ್ಕೇ ನಿಲ್ಲಿಸಿ ಅದರ ಆಯಸ್ಸು ಹೆಚ್ಚಿಸಬಹುದು. ಆದರೆ ರ‍್ಯಾಮ್ ಹೆಚ್ಚುವುದಿಲ್ಲ, ಸವೆದ ಬ್ಯಾಟರಿ ಹೊಸದಾಗುವುದಿಲ್ಲ, ಮೋಡೆಮಿನ ಒಳಗಿನ ಮುಚ್ಚಿದ ತಂತ್ರಾಂಶಕ್ಕೆ ಕೈ ತಾಗುವುದಿಲ್ಲ. ಒಂದು ಕಾಲದ ಲಾಭಗಳಲ್ಲಿ ಎಷ್ಟೋ ಈಗ ರೂಟ್ ಇಲ್ಲದೆಯೇ ಸಿಗುತ್ತವೆ ಎಂಬುದನ್ನೂ ಒಪ್ಪಬೇಕು: ಅನುಮತಿಗಳನ್ನು ಒಂದೊಂದಾಗಿ ನಿರಾಕರಿಸುವುದು, ತೆರೆಯನ್ನು ವಿಡಿಯೊ ಮಾಡಿಕೊಳ್ಳುವುದು, ಚಾರ್ಜಿಂಗ್ ಮಿತಿ, ಕನ್ನಡ ಕೀಲಿಮಣೆ.

ಅಪಾಯದ ಮಾತಿಗೆ ಬಂದರೆ, ರೂಟ್ ಮಾಡುವ ದಾರಿ ಎರಡು, ಅವುಗಳ ಅಪಾಯವೂ ಬೇರೆ ಬೇರೆ. ಮೊದಲನೆಯದು ತಂತ್ರಾಂಶದ ದೋಷವನ್ನು ಬಳಸಿ ನುಗ್ಗುವುದು. 2014ರಲ್ಲಿ ಹ್ಯಾಕರ್ ಜಾರ್ಜ್ ಹಾಟ್ಜ್ ಬಿಡುಗಡೆ ಮಾಡಿದ ‘ಟವೆಲ್‌ರೂಟ್’ ಆ್ಯಪ್ ಲಿನಕ್ಸ್ ಕರ್ನೆಲ್‌ನ ಒಂದು ದೋಷದ ಮೂಲಕ ಒಂದೇ ಗುಂಡಿ ಒತ್ತಿ ಫೋನನ್ನು ರೂಟ್ ಮಾಡುತ್ತಿತ್ತು. 2016ರಲ್ಲಿ ಅದೇ ಸಂಕೇತವನ್ನು ಒಡಲಲ್ಲಿಟ್ಟುಕೊಂಡ, ಫೋನಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಒಂದು ಪತ್ತೆಯಾಯಿತು. ಒಂದು ಗುಂಡಿಯಿಂದ ರೂಟ್ ಆಗುವ ಫೋನು ನೀವು ಗುಂಡಿ ಒತ್ತದೆಯೂ ಬೇರೆಯವರ ಕೈಯಿಂದ ರೂಟ್ ಆಗಬಲ್ಲದು. ಎರಡನೆಯದು ಬೂಟ್‌ಲೋಡರನ್ನು ಅನ್‌ಲಾಕ್ ಮಾಡುವ ನೇರ ದಾರಿ. ಬೂಟ್‌ಲೋಡರ್ ಎಂದರೆ ಫೋನು ಹೊತ್ತಿಕೊಂಡ ಕೂಡಲೇ ಎದ್ದು, ಮುಂದೆ ಯಾವ ತಂತ್ರಾಂಶ ಓಡಬೇಕು ಎಂದು ತೀರ್ಮಾನಿಸುವ ಪುಟ್ಟ ಪ್ರೋಗ್ರಾಂ. ಬೀಗ ಬಿದ್ದಿದ್ದರೆ ಅದು ಕಂಪನಿಯ ಡಿಜಿಟಲ್ ಸಹಿ ಇರುವುದನ್ನು ಮಾತ್ರ ಓಡಿಸುತ್ತದೆ. ಬೀಗ ತೆಗೆಯುವಾಗ ಫೋನಿನ ದತ್ತಾಂಶವೆಲ್ಲ ಅಳಿಸಿಹೋಗುತ್ತದೆ. ಅದು ಕಿರುಕುಳವಲ್ಲ, ಕದ್ದ ಫೋನಿನ ಬೀಗ ತೆಗೆದು ಫೋಟೊ, ಸಂದೇಶ ಓದುವುದನ್ನು ತಡೆಯುವ ಉಪಾಯ. ಬೀಗ ತೆಗೆದ ಮೇಲೆ, ಜಾನ್ ವು 2016ರಲ್ಲಿ ಹೊರತಂದ ಮ್ಯಾಜಿಸ್ಕ್‌ನಂಥ ಸಾಧನದಿಂದ ಬೂಟ್ ಕಡತವನ್ನು ತಿದ್ದಿ ಫೋನಿಗೆ ಫ್ಲ್ಯಾಶ್ ಮಾಡುತ್ತಾರೆ. ಬೇರೆ ಮಾದರಿಯ ಕಡತ ಹಾಕಿದರೆ ಫೋನು ಬ್ರಿಕ್ ಆಗಿ, ಅಂದರೆ ಇಟ್ಟಿಗೆಯಂತೆ ನಿರುಪಯೋಗಿಯಾಗಿ ಕೂರಬಹುದು. ಸ್ಯಾಮ್‌ಸಂಗ್‌ನ ನಾಕ್ಸ್ ಭದ್ರತಾ ವ್ಯವಸ್ಥೆ ಇರುವ ಫೋನುಗಳಲ್ಲಿ ಹೀಗೆ ತಿದ್ದಿದ ಕಡತ ಹಾಕಿದರೆ ಚಿಪ್‌ನೊಳಗಿನ ಒಂದು ಇ-ಫ್ಯೂಸ್ ಶಾಶ್ವತವಾಗಿ ಸುಡುತ್ತದೆ. ಹಳೆಯ ತಂತ್ರಾಂಶ ಮರಳಿ ಹಾಕಿದರೂ ಗುಟ್ಟಿನ ಕಡತಗಳನ್ನಿಡುವ ಸೆಕ್ಯೂರ್ ಫೋಲ್ಡರ್ ಮತ್ತೆ ಬರುವುದಿಲ್ಲ.

ಈಗ ಹಣದ ವಿಷಯ. ಯುಪಿಐ ಆ್ಯಪ್ ಯಾವುದೇ ಇರಲಿ, ಪಿನ್ ಒತ್ತುವ ಪುಟ ಮಾತ್ರ ರಾಷ್ಟ್ರೀಯ ಪಾವತಿ ನಿಗಮ (ಎನ್‌ಪಿಸಿಐ) ಕೊಟ್ಟ ಒಂದೇ ಸಾಮಾನ್ಯ ಲೈಬ್ರರಿಯದು. ನೀವು ಒತ್ತಿದ ಅಂಕಿಗಳು ಫೋನಿನಲ್ಲೇ ಗೂಢಲಿಪಿಯಾಗಿ ಹೊರಹೋಗುತ್ತವೆ; ಆ ಆ್ಯಪಿನ ಕಂಪನಿಗೂ ಅವು ಕಾಣುವುದಿಲ್ಲ. ಈ ಏರ್ಪಾಡು ನಿಂತಿರುವುದು ಒಂದೇ ನಂಬಿಕೆಯ ಮೇಲೆ: ಆ್ಯಪ್‌ಗಳ ನಡುವಿನ ಗೋಡೆ ಗಟ್ಟಿಯಾಗಿದೆ ಎಂಬುದು. ರೂಟ್ ಅಧಿಕಾರ ಸಿಕ್ಕ ದುಷ್ಟ ಆ್ಯಪ್ ಗೂಢಲಿಪಿಯಾಗುವ ಮೊದಲೇ ಆ ಅಂಕಿಗಳನ್ನು ಓದಬಲ್ಲದು. ರಿಸರ್ವ್ ಬ್ಯಾಂಕ್ 2021ರ ಫೆಬ್ರುವರಿಯಲ್ಲಿ ಹೊರಡಿಸಿದ ಡಿಜಿಟಲ್ ಪಾವತಿ ಭದ್ರತೆಯ ನಿರ್ದೇಶನದಲ್ಲಿ, ಕನಿಷ್ಠ ಷರತ್ತುಗಳನ್ನು ಪೂರೈಸುವ ಸಾಧನದಲ್ಲಷ್ಟೇ ಆ್ಯಪ್ ಓಡಬೇಕು, ದೂರದಿಂದ ಫೋನು ನಿಯಂತ್ರಿಸುವ ಆ್ಯಪ್ ಇದ್ದರೆ ಲಾಗಿನ್ ತಡೆಯಬೇಕು ಎಂದಿದೆ. ಬ್ಯಾಂಕುಗಳ ಆತಂಕ ಸುಳ್ಳಲ್ಲ. ಹಣ, ಕಚೇರಿ, ಆಧಾರ್ ಎಲ್ಲವೂ ಒಂದರಲ್ಲೇ ಇರುವ ಫೋನನ್ನು ರೂಟ್ ಮಾಡಬಾರದು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಪತ್ತೆಯಾಗದಂತೆ ರೂಟನ್ನು ಬಚ್ಚಿಡುವ ಮಾಡ್ಯೂಲ್‌ಗಳನ್ನು ಎಲ್ಲಿಂದಲೋ ತಂದು ಹಾಕಿಕೊಳ್ಳುವುದಂತೂ, ಬರೆದವರು ಯಾರೆಂದೇ ತಿಳಿಯದ ತಂತ್ರಾಂಶಕ್ಕೆ ಸೊನ್ನೆ ಸಂಖ್ಯೆಯ ಪಟ್ಟ ಕಟ್ಟಿದಂತೆ.

ಹಾಗಿದ್ದರೆ ತಕರಾರು ಎಲ್ಲಿದೆ? ಆ್ಯಪ್‌ಗಳು ಫೋನಿನ ಸ್ಥಿತಿ ತಿಳಿಯಲು ಕೇಳುವುದು ಗೂಗಲ್‌ನ ಪ್ಲೇ ಇಂಟೆಗ್ರಿಟಿ ಎಂಬ ಸೇವೆಯನ್ನು. ಅದು ಮೂರು ಮಟ್ಟದ ಉತ್ತರ ಕೊಡುತ್ತದೆ. ನಡುವಿನ ಮಟ್ಟದ ಉತ್ತರಕ್ಕೆ ಬೇಕಾದದ್ದು ಬೂಟ್‌ಲೋಡರ್‌ಗೆ ಬೀಗ ಬಿದ್ದಿರುವುದು ಮತ್ತು ಓಡುತ್ತಿರುವುದು ಗೂಗಲ್ ಪ್ರಮಾಣೀಕರಿಸಿದ ಕಂಪನಿ ತಂತ್ರಾಂಶವಾಗಿರುವುದು. ಭದ್ರತಾ ತೇಪೆ (ದೋಷ ಮುಚ್ಚುವ ಅಪ್‌ಡೇಟ್) ಕೊನೆಯ ಬಾರಿ ಯಾವಾಗ ಬಂತು ಎಂಬ ಪ್ರಶ್ನೆ ಆ ಮಟ್ಟದಲ್ಲಿ ಇಲ್ಲ. ಇದರ ಪರಿಣಾಮ ನೋಡಿ: ಕಂಪನಿ ಕೈಬಿಟ್ಟು ಐದು ವರ್ಷವಾದ, ಅಂದಿನಿಂದ ಪತ್ತೆಯಾದ ದೋಷಗಳೆಲ್ಲ ಹಾಗೇ ತೆರೆದಿರುವ ಫೋನು ಪಾಸು. ಅದೇ ಫೋನಿಗೆ ಕಳೆದ ತಿಂಗಳ ತೇಪೆ ಸಹಿತ ಲಿನೇಜ್‌ಒಎಸ್ ಎಂಬ ಕಸ್ಟಮ್ ರೋಮ್ ಹಾಕಿದ್ದರೆ, ರೂಟ್ ಇಲ್ಲದಿದ್ದರೂ, ನಪಾಸು. 2025ರಿಂದ ಎಲ್ಲಕ್ಕಿಂತ ಮೇಲಿನ ಮಟ್ಟಕ್ಕೆ, ಆಂಡ್ರಾಯ್ಡ್ 13 ಮತ್ತು ಮುಂದಿನ ಆವೃತ್ತಿಗಳಲ್ಲಿ, ಒಂದು ವರ್ಷದೊಳಗಿನ ತೇಪೆ ಇರಬೇಕು ಎಂಬ ಷರತ್ತು ಸೇರಿದೆ. ಒಳ್ಳೆಯದೇ. ಆದರೆ ಎಲ್ಲ ಪಾವತಿ ಆ್ಯಪ್‌ಗಳೂ ಆ ಮಟ್ಟವನ್ನು ಕಡ್ಡಾಯ ಮಾಡಿದರೆ, ಹಳೆಯ ಅಗ್ಗದ ಫೋನು ಇಟ್ಟುಕೊಂಡ ಗಾರ್ಮೆಂಟ್ಸ್ ಕೆಲಸದವರು, ಡೆಲಿವರಿ ಹುಡುಗರು ದುಡ್ಡು ಕಳಿಸಲು ಹೊಸ ಫೋನು ಕೊಳ್ಳಬೇಕಾಗುತ್ತದೆ. ಅವರ ಫೋನಿಗೆ ಹೊಸ ತೇಪೆ ಕೊಡಬಲ್ಲ ಕಸ್ಟಮ್ ರೋಮ್‌ಗೆ ಆಗಲೂ ಮನ್ನಣೆ ಇರುವುದಿಲ್ಲ.

‘ಬ್ಯಾಂಕು ಒಂದೊಂದೇ ಫೋನನ್ನು ಬಿಚ್ಚಿ ನೋಡಲು ಸಾಧ್ಯವೇ? ಬೀಗ ತೆಗೆದದ್ದು ಒಡೆಯನೋ ಕಳ್ಳನೋ ಎಂದು ಹೇಗೆ ತಿಳಿಯಬೇಕು?’ ಎಂಬ ಆಕ್ಷೇಪ ನ್ಯಾಯವಾದದ್ದು. ಸಿಮ್ ಗುರುತನ್ನು ಸುಳ್ಳು ಮಾಡುವ, ಇಲ್ಲದ ಜಾಗದಲ್ಲಿ ಇರುವಂತೆ ತೋರಿಸುವ ಮೋಸಗಳಿಗೆ ರೂಟ್ ಮಾಡಿದ ಫೋನು ಒಳ್ಳೆಯ ಹತಾರವೇ. ಆದರೆ ಇದಕ್ಕೆ ಉತ್ತರ ಆಂಡ್ರಾಯ್ಡ್‌ನ ನಿಯಮಾವಳಿಯಲ್ಲೇ ಇದೆ. ಬೂಟ್‌ಲೋಡರಿನ ಸ್ಥಿತಿಗಳು ಬೀಗ ಹಾಕಿದ್ದು, ತೆಗೆದದ್ದು ಎಂದು ಎರಡೇ ಅಲ್ಲ. ಕಂಪನಿಯ ಸಹಿ ಇದ್ದರೆ ಹಸಿರು, ಬೀಗ ತೆಗೆದಿದ್ದರೆ ಕಿತ್ತಳೆ, ತಂತ್ರಾಂಶ ಕೆಟ್ಟಿದ್ದರೆ ಕೆಂಪು. ಇವುಗಳ ನಡುವೆ ಹಳದಿ ಎಂಬುದೊಂದಿದೆ: ಒಡೆಯ ತನ್ನದೇ ಕೀಲಿಯನ್ನು ಫೋನಿನಲ್ಲಿ ಕೂರಿಸಿ, ಮತ್ತೆ ಬೀಗ ಹಾಕಿರುವ ಸ್ಥಿತಿ. ಗೂಗಲ್‌ನ ಪಿಕ್ಸೆಲ್ ಫೋನುಗಳು ಇದಕ್ಕೆ ಅವಕಾಶ ಕೊಡುತ್ತವೆ. ಗ್ರಾಫೀನ್‌ಒಎಸ್ ಎಂಬ ಕಸ್ಟಮ್ ರೋಮ್ ನಡೆಯುವುದೇ ಹೀಗೆ. ಭದ್ರತೆಗೇ ಹೆಸರಾದ ಆ ಯೋಜನೆಯವರು ಫೋನನ್ನು ರೂಟ್ ಮಾಡಬೇಡಿ ಎನ್ನುತ್ತಾರೆ ಎಂಬುದು ಗಮನಿಸಬೇಕಾದ ಸಂಗತಿ. ಹಳದಿ ಸ್ಥಿತಿಯಲ್ಲಿರುವ ಫೋನಿನ ಭದ್ರತಾ ಚಿಪ್, ಯಾರ ಕೀಲಿಯಿಂದ ಬೀಗ ಬಿದ್ದಿದೆ, ಯಾವ ತಿಂಗಳ ತೇಪೆ ಇದೆ ಎಂಬುದನ್ನು ಸಹಿ ಮಾಡಿ ಹೇಳಬಲ್ಲದು. ಬ್ಯಾಂಕು ನಂಬಬಹುದಾದ ಕೀಲಿಗಳ ಪಟ್ಟಿ ಇಟ್ಟುಕೊಂಡರೆ ಸಾಕು. ಒಡೆಯನ ಹಕ್ಕು, ಬ್ಯಾಂಕಿನ ಭದ್ರತೆ ಎರಡಕ್ಕೂ ಜಾಗವಿರುವ ವ್ಯವಸ್ಥೆ ತಯಾರಿದೆ. ಬಳಸುವ ಮನಸ್ಸು ಕಾಣುತ್ತಿಲ್ಲ.

ಪೀಣ್ಯದ ಯಂತ್ರಗಳು ಈ ಪ್ರಶ್ನೆಯನ್ನು ಎಂದೋ ಬಗೆಹರಿಸಿಕೊಂಡಿವೆ. ಅಲ್ಲಿನ ಸಿಎನ್‌ಸಿ ಲೇತ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ಫಾನುಕ್ ಕಂಟ್ರೋಲರ್ ನೋಡಿ. ಆ ಕಂಪನಿಯ ಭಾರತದ ಕಚೇರಿ ಎಲೆಕ್ಟ್ರಾನಿಕ್ ಸಿಟಿಯಲ್ಲೇ ಇದೆ. ಆಪರೇಟರ್ ದಿನವಿಡೀ ಪ್ರೋಗ್ರಾಂ ಓಡಿಸಬಹುದು, ಆದರೆ ಅಕ್ಷಗಳ ವೇಗ, ಮಿತಿಗಳನ್ನು ನಿರ್ಧರಿಸುವ ಪ್ಯಾರಾಮೀಟರ್‌ಗಳನ್ನು ಮುಟ್ಟಲಾಗದು. ಮುಟ್ಟಬೇಕಾದರೆ ಸೆಟ್ಟಿಂಗ್ ಪುಟದಲ್ಲಿ ‘ಪ್ಯಾರಾಮೀಟರ್ ರೈಟ್’ ಎಂಬುದನ್ನು 0ಯಿಂದ 1ಕ್ಕೆ ತರಬೇಕು. ತಂದ ಕೂಡಲೇ ತೆರೆಯ ಮೇಲೆ 100ನೇ ಅಲಾರಂ ಬರುತ್ತದೆ, ಬಾಗಿಲು ತೆರೆದಿದೆ ಎಂದು ಎಲ್ಲರಿಗೂ ಕಾಣುವಂತೆ. ಕೆಲಸ ಮುಗಿಸಿ 0 ಮಾಡಿ ರೀಸೆಟ್ ಒತ್ತಿದರೆ ಯಂತ್ರ ಎಂದಿನಂತೆ. ತಪ್ಪು ಅಂಕಿ ಕೊಟ್ಟರೆ ಲಕ್ಷಾಂತರ ರೂಪಾಯಿಯ ಸ್ಪಿಂಡಲ್ ಹೋಗಬಹುದಾದ ಯಂತ್ರದಲ್ಲೂ ಒಡೆಯನಿಗೆ ಒಳಗೆ ಹೋಗುವ ದಾರಿ ಇದೆ. ಹದಿನೈದು ಸಾವಿರದ ಫೋನಿನಲ್ಲಿ ಅದೇಕೆ ಇರಬಾರದು?

ಬೂಟ್‌ಲೋಡರ್ ಬೀಗ ತೆಗೆಯಲು ಇರುವ ದಾರಿಯೂ ಕಿರಿದಾಗುತ್ತಿದೆ. ಹುವಾವೆ 2018ರಲ್ಲಿ ಅನ್‌ಲಾಕ್ ಸಂಕೇತ ಕೊಡುವುದನ್ನೇ ನಿಲ್ಲಿಸಿತು. ಶಿಯೋಮಿ ಅರ್ಜಿ ಹಾಕಿಸಿ ದಿನಗಟ್ಟಲೆ ಕಾಯಿಸುತ್ತದೆ. ದಾರಿ ಮುಚ್ಚಿದ ಹಳೆಯ ಫೋನಿಗೆ ಉಳಿಯುವುದು ತ್ಯಾಜ್ಯದ ಹಾದಿ. ಪೀಣ್ಯ ದಾಟಿ ತುಮಕೂರು ರಸ್ತೆಯಲ್ಲಿ ಮುಂದೆ ಹೋದರೆ ಸಿಗುವ ದಾಬಸ್‌ಪೇಟೆಯಲ್ಲಿ, ದೇಶದ ಮೊದಲ ಅಧಿಕೃತ ಇ-ತ್ಯಾಜ್ಯ ಮರುಬಳಕೆ ಘಟಕ ಇ-ಪರಿಸರ 2005ರಿಂದ ಕೆಲಸ ಮಾಡುತ್ತಿದೆ. ಸರ್ಕ್ಯೂಟ್ ಬೋರ್ಡ್‌ನಿಂದ ಚಿನ್ನ, ತಾಮ್ರ ಬಿಡಿಸುವ ಆ ಕೆಲಸ ಬೇಕೇ ಬೇಕು. ಆದರೆ ಚೆನ್ನಾಗಿ ಓಡುವ ಫೋನು ತಂತ್ರಾಂಶದ ತೇಪೆ ನಿಂತಿತೆಂಬ ಒಂದೇ ಕಾರಣಕ್ಕೆ ಆ ಹಾದಿ ಹಿಡಿಯುವುದು ಅನ್ಯಾಯ. ಐರೋಪ್ಯ ಒಕ್ಕೂಟ 2025ರ ಜೂನ್‌ನಿಂದ, ಮಾರಾಟ ನಿಲ್ಲಿಸಿದ ಮೇಲೂ ಐದು ವರ್ಷ ಕಾರ್ಯಾಚರಣ ವ್ಯವಸ್ಥೆಯ ಅಪ್‌ಡೇಟ್ ಸಿಗಬೇಕು ಎಂಬ ನಿಯಮ ತಂದಿದೆ. ನಮ್ಮಲ್ಲೂ ಅಂಥದ್ದು ಬರಲಿ. ಜೊತೆಗೆ, ತೇಪೆ ಕೊಡುವುದನ್ನು ನಿಲ್ಲಿಸುವ ದಿನ ಕಂಪನಿ ಆ ಮಾದರಿಯ ಬೂಟ್‌ಲೋಡರ್ ಬೀಗವನ್ನು ತೆಗೆಯಲು, ಒಡೆಯನ ಕೀಲಿಯಿಂದ ಮತ್ತೆ ಹಾಕಲು ಅನುವು ಮಾಡಿಕೊಡಲಿ, ಫೋನಿನ ಬಿಡಿಭಾಗಗಳನ್ನು ಓಡಿಸುವ ಡ್ರೈವರ್ ತಂತ್ರಾಂಶಗಳನ್ನೂ ಬಿಟ್ಟುಕೊಡಲಿ. ಡ್ರೈವರ್ ಇಲ್ಲದ ಬೀಗದ ಕೈಯಿಂದ ಕ್ಯಾಮೆರಾ ಓಡದ ಫೋನಷ್ಟೇ ಸಿಗುತ್ತದೆ.

ಅಲ್ಲಿಯವರೆಗೆ, ರೂಟ್ ಮಾಡಿ ಕಲಿಯಬೇಕೆನ್ನುವವರು ಡ್ರಾಯರಿನಲ್ಲಿ ಬಿದ್ದಿರುವ ಹಳೆಯ ಫೋನನ್ನು ಎತ್ತಿಕೊಳ್ಳಲಿ. ಅದರಲ್ಲಿ ಸಿಮ್ ಬೇಡ, ಬ್ಯಾಂಕ್ ಆ್ಯಪ್ ಬೇಡ. ಮನೆಯ ಕ್ಯಾಮೆರಾ, ಪುಟ್ಟ ಸರ್ವರ್, ಮಕ್ಕಳ ಪ್ರೋಗ್ರಾಮಿಂಗ್ ಪಾಠಕ್ಕೆ ಅದು ಧಾರಾಳ. ಸೆಕೆಂಡ್ ಹ್ಯಾಂಡ್ ಫೋನು ಕೊಳ್ಳುವವರು ದುಡ್ಡು ಕೊಡುವ ಮೊದಲು ಅದನ್ನು ಒಮ್ಮೆ ಆರಿಸಿ ಹೊತ್ತಿಸಿ ನೋಡಬೇಕು. ಶುರುವಾಗುವಾಗ ಬೂಟ್‌ಲೋಡರ್ ಅನ್‌ಲಾಕ್ ಆಗಿದೆ ಎಂಬ ಎಚ್ಚರಿಕೆ ಕೆಲವು ಸೆಕೆಂಡು ಕಂಡರೆ, ಒಳಗೆ ಯಾರು ಏನು ಇಟ್ಟಿದ್ದಾರೋ ಗೊತ್ತಿಲ್ಲ ಎಂದರ್ಥ. ಕಂಪನಿಯ ಅಧಿಕೃತ ತಂತ್ರಾಂಶ ಹಾಕಿಸಿ, ಬೀಗ ಹಾಕಿಸಿದ ಮೇಲಷ್ಟೇ ಯುಪಿಐ ಪಿನ್ ಅದರಲ್ಲಿ ಒತ್ತಬೇಕು.