ಬೇಸಿಗೆಯ ವಿಹಾರ: ದಾರಿಗಿಂತ ಮೊದಲು ನೀರಿನ ಲೆಕ್ಕ

ಆಷಾಢ ಶುಕ್ಲ ಚತುರ್ದಶಿಯಂದು ವರ್ಷಾಯೋಗ ಸ್ಥಾಪನೆ. ಅಷ್ಟರೊಳಗೆ ದಿಗಂಬರ ಮುನಿಸಂಘಗಳು ಚಾತುರ್ಮಾಸ್ಯದ ಸ್ಥಳವನ್ನು ತಲುಪಬೇಕು. ಹಾಗಾಗಿ ವರ್ಷದ ಅತಿ ಕಠಿಣ ವಿಹಾರಗಳಲ್ಲಿ ಹಲವು ವೈಶಾಖ, ಜ್ಯೇಷ್ಠ ಮಾಸಗಳ ಬಿಸಿಲಿನಲ್ಲೇ ನಡೆಯುತ್ತವೆ. ವಿಹಾರ ಯಾವಾಗ, ಯಾವ ಕಡೆಗೆ ಎಂಬುದನ್ನು ನಿರ್ಧರಿಸುವವರು ಆಚಾರ್ಯರು. ದಾರಿಯ ವ್ಯವಸ್ಥೆಯ ಹೊಣೆ ಶ್ರಾವಕರದು. ಒಟ್ಟು ದೂರವನ್ನು ಇರುವ ದಿನಗಳಿಂದ ಭಾಗಿಸಿ ಪಟ್ಟಿ ಮಾಡುವುದು ಸುಲಭ. ಆದರೆ ಬೇಸಿಗೆಗೆ ಆ ಲೆಕ್ಕ ಸಾಲದು. ಪ್ರತಿ ದಿನದ ಆಹಾರ ಮತ್ತು ನೀರಿನ ಸ್ಥಳವನ್ನು ಮೊದಲು ಗೊತ್ತುಮಾಡಿ, ಅಲ್ಲಿಂದ ದೂರವನ್ನು ಅಳೆಯಬೇಕು.

ದಿನಕ್ಕೆ ಒಮ್ಮೆ ಮಾತ್ರ

ಮುನಿಗಳ 28 ಮೂಲಗುಣಗಳಲ್ಲಿ ಏಕಭುಕ್ತವೂ ಒಂದು. ದಿನಕ್ಕೊಮ್ಮೆ, ನಿಂತು, ಕೈಯನ್ನೇ ಪಾತ್ರೆ ಮಾಡಿಕೊಂಡು ಆಹಾರ ಸ್ವೀಕರಿಸುತ್ತಾರೆ. ನೀರೂ ಆಗ ಮಾತ್ರ. ಬೆಳಿಗ್ಗೆ 10 ಗಂಟೆಗೆ ಆಹಾರ ಮುಗಿದರೆ ಮರುದಿನ ಅದೇ ಹೊತ್ತಿನವರೆಗೆ ಒಂದು ತೊಟ್ಟು ನೀರೂ ಇಲ್ಲ.

ಆಹಾರದಲ್ಲಿ ಕೂದಲೋ ಸತ್ತ ಇರುವೆಯೋ ಕಂಡರೆ ಅಂತರಾಯ. ಮುನಿಗಳು ಅಲ್ಲಿಗೇ ಆಹಾರ ನಿಲ್ಲಿಸುತ್ತಾರೆ. ಮೊದಲ ತುತ್ತಿಗೇ ಅಂತರಾಯವಾದರೆ ಎರಡು ಆಹಾರಗಳ ನಡುವಿನ ಅಂತರ 48 ಗಂಟೆಯಾಗುತ್ತದೆ. ಚಳಿಗಾಲದಲ್ಲಿ ಇದನ್ನು ದೇಹ ತಾಳಿಕೊಂಡೀತು. ಬಿಸಿಲಿನಲ್ಲಿ ನಡೆದು ಬಂದ ದೇಹಕ್ಕೆ ಅದು ಅಪಾಯ. ಅಡುಗೆಮನೆಯ ಅಜಾಗರೂಕತೆಯ ಬೆಲೆಯನ್ನು ಇಲ್ಲಿ ತೆರುವವರು ಮುನಿಗಳು.

ನಡೆಯಲು ಸಿಗುವ ಹೊತ್ತು

ಸಾಮಾನ್ಯ ಪಾದಯಾತ್ರಿಗಳು ಬಿಸಿಲು ತಪ್ಪಿಸಲು ನಸುಕಿನ 3 ಗಂಟೆಗೆ ಹೊರಡುತ್ತಾರೆ. ಮುನಿಸಂಘಕ್ಕೆ ಇದು ಸಲ್ಲದು. ಈರ್ಯಾ ಸಮಿತಿಯಂತೆ ಸೂರ್ಯನ ಬೆಳಕಿನಲ್ಲಿ, ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತಾ ನಡೆಯಬೇಕು.

ಮೇ ತಿಂಗಳಲ್ಲಿ ಕರ್ನಾಟಕದಲ್ಲಿ ಸೂರ್ಯೋದಯ ಸುಮಾರು 6 ಗಂಟೆಗೆ. ಆಹಾರಕ್ಕೆ ಮೊದಲು ಶುದ್ಧಿ, ವಿಶ್ರಾಂತಿಗೆ ಒಂದು ಗಂಟೆಯಾದರೂ ಬೇಕು. ಆದ್ದರಿಂದ 8.45ರ ಒಳಗೆ ತಂಗುವ ಸ್ಥಳ ಸೇರಬೇಕು. ಈ ಎರಡೂವರೆ ಗಂಟೆಯಲ್ಲಿ ಬರಿಗಾಲಿನಲ್ಲಿ ಆರಾಮವಾಗಿ ಸಾಗುವುದು 8ರಿಂದ 10 ಕಿ.ಮೀ.

ಸಂಜೆಯ ನಡಿಗೆ ಇನ್ನೂ ಚಿಕ್ಕದು. ಗಾಳಿಯ ಉಷ್ಣತೆ 36–38 ಡಿಗ್ರಿ ಇರುವ ಮಧ್ಯಾಹ್ನ ಡಾಂಬರಿನ ಮೇಲ್ಮೈ 60 ಡಿಗ್ರಿ ದಾಟಬಲ್ಲದು. ಬಿಸಿಲು ಇಳಿದರೂ ರಸ್ತೆ ಬೇಗ ಆರುವುದಿಲ್ಲ. 5 ಗಂಟೆಯ ಮೊದಲು ಹೊರಡದಿರುವುದು ಒಳ್ಳೆಯದು. ಸೂರ್ಯಾಸ್ತದೊಳಗೆ ತಂಗುವ ಸ್ಥಳ ಸೇರಬೇಕಾದ್ದರಿಂದ ಸಂಜೆಗೆ 4–5 ಕಿ.ಮೀ. ಸಾಕು. ಅಂದರೆ ದಿನಕ್ಕೆ ಸರಾಸರಿ 14 ಕಿ.ಮೀ.

ಒಂದು ಉದಾಹರಣೆ

ಧರ್ಮಸ್ಥಳದಿಂದ ಉಜಿರೆ, ಚಾರ್ಮಾಡಿ, ಕೊಟ್ಟಿಗೆಹಾರ, ಮೂಡಿಗೆರೆ, ಬೇಲೂರು, ಹಾಸನ ಮಾರ್ಗವಾಗಿ ಶ್ರವಣಬೆಳಗೊಳ ಸುಮಾರು 180 ಕಿ.ಮೀ. ದಿನಕ್ಕೆ 14 ಕಿ.ಮೀ.ಯಂತೆ 13 ದಿನ. ಆದರೆ ಅಷ್ಟಮಿ, ಚತುರ್ದಶಿಯಂದು ಸಂಘದಲ್ಲಿ ಹಲವರಿಗೆ ಉಪವಾಸವಿರಬಹುದು. ಕೇಶಲೋಚದ ದಿನವೂ ಉಪವಾಸ. ಅಂಥ ದಿನಗಳಿಗೆ ನಡಿಗೆ ಇಟ್ಟುಕೊಳ್ಳಬಾರದು. ಬೇಲೂರಿನಿಂದ 16 ಕಿ.ಮೀ. ದೂರದ ಹಳೇಬೀಡಿಗೆ ಹೋಗಿ ಪಾರ್ಶ್ವನಾಥ, ಶಾಂತಿನಾಥ, ಆದಿನಾಥ ಬಸದಿಗಳ ದರ್ಶನ ಮಾಡುವುದಾದರೆ ಅಲ್ಲಿಂದ ಹಾಸನಕ್ಕೆ 31 ಕಿ.ಮೀ.; ನೇರ ದಾರಿಗಿಂತ 10 ಕಿ.ಮೀ.ಯಷ್ಟು ಹೆಚ್ಚು. ಎಲ್ಲ ಸೇರಿ 17–18 ದಿನ ಇಟ್ಟುಕೊಳ್ಳುವುದು ಕ್ಷೇಮ.

ಈ ದಾರಿಯ ಕಷ್ಟದ ಭಾಗ ಚಾರ್ಮಾಡಿ ಘಾಟಿ. ಚಾರ್ಮಾಡಿ ಊರಿನಿಂದ ಕೊಟ್ಟಿಗೆಹಾರಕ್ಕೆ 20 ಕಿ.ಮೀ.ಗೂ ಹೆಚ್ಚು ಏರುದಾರಿ. ನಡುವೆ ಮನೆಗಳು ವಿರಳ. ಒಂದೇ ಬೆಳಿಗ್ಗೆ ದಾಟಲಾಗದು. ಆನೆಗಳು ಓಡಾಡುವ ಕಾಡಾದ್ದರಿಂದ ನಡುವೆ ಎಲ್ಲಿ ತಂಗಬಹುದು ಎಂಬುದನ್ನು ಅರಣ್ಯ ಇಲಾಖೆಯವರ ಜೊತೆ ಮೊದಲೇ ಮಾತಾಡಿ ಗೊತ್ತುಮಾಡಬೇಕು. ಜೂನ್ ಮೊದಲ ವಾರದ ಹೊತ್ತಿಗೆ ಮುಂಗಾರು ಬರುತ್ತದೆ. ಮಳೆ ಬಿದ್ದ ಮೇಲೆ ರಸ್ತೆ ಬದಿಯಲ್ಲಿ ಹುಲ್ಲು, ಹುಳುಹುಪ್ಪಟೆ ಹೆಚ್ಚಿ ಈರ್ಯಾ ಸಮಿತಿಯ ಪಾಲನೆ ಕಷ್ಟವಾಗುತ್ತದೆ. ವರ್ಷಾಯೋಗಕ್ಕೆ ಇನ್ನೂ ಸಮಯವಿದೆ ಎಂದು ತಡಮಾಡಿದರೆ ಮುಂದೆ ದಿನಕ್ಕೆ 25 ಕಿ.ಮೀ. ನಡೆಯುವ ಪ್ರಸಂಗ ಬರುತ್ತದೆ. ಬೇಗ ಹೊರಡುವ ಅನುಕೂಲವನ್ನು ಆಚಾರ್ಯರಲ್ಲಿ ಬಿನ್ನವಿಸಿಕೊಳ್ಳುವುದೇ ಶ್ರಾವಕರು ಮಾಡಬಹುದಾದ ಮೊದಲ ಸೇವೆ.

ಚೌಕದ ಸಿದ್ಧತೆ

ಮುನಿಗಳಿಗೆಂದೇ ಮಾಡಿದ ಆಹಾರ ಉದ್ದಿಷ್ಟವಾಗುತ್ತದೆ. ಶ್ರಾವಕರು ತಾವೂ ಅದೇ ಶುದ್ಧ ಆಹಾರ ಉಣ್ಣುವಂತೆ ಅಡುಗೆ ಮಾಡಿ, ಅದರಿಂದ ದಾನ ಮಾಡಬೇಕು. ಜೈನರ ಮನೆಗಳಿಲ್ಲದ ಊರುಗಳಲ್ಲಿ ಜೊತೆಗೆ ಬರುವ ಕುಟುಂಬಗಳೇ ಚೌಕ ಹಾಕುತ್ತವೆ. ಮುನಿಗಳು ಮನಸ್ಸಿನಲ್ಲಿ ನಿಯಮ ಹಿಡಿದು ಬರುವುದರಿಂದ ಒಂದೇ ಚೌಕವನ್ನು ನಂಬಿಕೊಳ್ಳಬಾರದು.

• ಬಾವಿ: ಬೇಸಿಗೆಯಲ್ಲಿ ಹಲವು ಬಾವಿಗಳು ಬತ್ತಿರುತ್ತವೆ. ವಾರದ ಮೊದಲೇ ಒಬ್ಬರು ಹೋಗಿ ಪ್ರತಿ ತಂಗುದಾಣದ ಬಾವಿಯನ್ನು ಕಣ್ಣಾರೆ ನೋಡಿ ಬರಬೇಕು. ಹಗ್ಗ, ಬಿಂದಿಗೆ, ಎರಡು ಪದರದ ಸೋಸುಬಟ್ಟೆ ಜೊತೆಗಿರಲಿ. ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಅದೇ ಬಾವಿಗೆ ಮರಳಿ ಬಿಡಬೇಕು.
• ಮರ್ಯಾದೆ: ಸೋಸಿದ ನೀರಿಗೆ 48 ನಿಮಿಷ, ಚೆನ್ನಾಗಿ ಕುದಿಸಿದ ನೀರಿಗೆ 24 ಗಂಟೆ. ಹಿಟ್ಟಿಗೆ ಚಳಿಗಾಲದಲ್ಲಿ 7 ದಿನ, ಬೇಸಿಗೆಯಲ್ಲಿ 5 ದಿನ, ಮಳೆಗಾಲದಲ್ಲಿ 3 ದಿನ. 18 ದಿನದ ವಿಹಾರಕ್ಕೆ ಹೊರಡುವಾಗಲೇ ಹಿಟ್ಟು ತುಂಬಿಕೊಂಡರೆ ಆಗದು. ನಡುವೆ ಮೂರು ಬಾರಿಯಾದರೂ ಹೊಸದಾಗಿ ಬೀಸಬೇಕು.
• ರಸತ್ಯಾಗ: ಯಾರು ಉಪ್ಪು, ಯಾರು ಹಾಲು, ಯಾರು ಸಿಹಿ ಬಿಟ್ಟಿದ್ದಾರೆ ಎಂಬುದನ್ನು ಸಂಘದ ಜೊತೆಗಿರುವ ಬ್ರಹ್ಮಚಾರಿಗಳಿಂದ ಕೇಳಿ ಬರೆದಿಟ್ಟುಕೊಳ್ಳಬೇಕು. ಅವರವರ ತ್ಯಾಗಕ್ಕೆ ಹೊಂದುವಂತೆ ಎಳನೀರು, ಕಬ್ಬಿನ ಹಾಲು, ಹಣ್ಣಿನ ರಸ ಸಿದ್ಧವಿರಲಿ.
• ಕ್ರಮ: ಆರಂಭದಲ್ಲೇ ನೀರು, ರಸ ನೀಡಿದರೆ ಆಮೇಲೆ ಅಂತರಾಯವಾದರೂ ಸ್ವಲ್ಪ ನೀರಾದರೂ ಒಳಗೆ ಹೋಗಿರುತ್ತದೆ.
• ಕಮಂಡಲು: ಶೌಚದ ನೀರೂ ಪ್ರಾಸುಕವಾಗಿರಬೇಕು. ಪ್ರತಿದಿನ ಕುದಿಸಿ ಬದಲಿಸುವ ಕೆಲಸವನ್ನು ಒಬ್ಬರಿಗೆ ವಹಿಸಬೇಕು.

ರಸ್ತೆಯಲ್ಲಿ

ಪಾದಚಾರಿ ಮಾರ್ಗವಿಲ್ಲದ ಕಡೆ ಎದುರಿನಿಂದ ಬರುವ ವಾಹನ ಕಾಣುವಂತೆ ರಸ್ತೆಯ ಬಲಬದಿಯಲ್ಲಿ ನಡೆಯಬೇಕು. ಹಾಸನದಿಂದ ಚನ್ನರಾಯಪಟ್ಟಣದವರೆಗೆ ಹೆದ್ದಾರಿ. ಅಲ್ಲಿ ಸರ್ವಿಸ್ ರಸ್ತೆ ಇರುವಲ್ಲಿ ಅದನ್ನೇ ಹಿಡಿಯಬೇಕು. ಸಂಘದ ಮುಂದೆ, ಹಿಂದೆ ಹೊಳೆಯುವ ಜಾಕೆಟ್ ತೊಟ್ಟ ಇಬ್ಬರು ಬಾವುಟ ಹಿಡಿದು ಸಾಗಲಿ. ಪ್ರತಿ ಠಾಣೆಗೂ ಮುಂಚಿತವಾಗಿ ಪತ್ರ ಕೊಡುವುದು ಅಗತ್ಯ. ಫೋಟೊಗಾಗಿ ಮುನಿಗಳ ಸುತ್ತ ಗುಂಪುಗೂಡಿ ರಸ್ತೆಯ ನಡುವಿಗೆ ಬರುವುದನ್ನು ಯುವಕರು ಬಿಡಬೇಕು.

ಜೊತೆಗೆ ನಡೆಯುವ ಶ್ರಾವಕರಿಗೆ ನೀರಿನ ನಿರ್ಬಂಧವಿಲ್ಲ. ಮುನಿಗಳೇ ಕುಡಿಯದಿರುವಾಗ ತಾವು ಹೇಗೆ ಕುಡಿಯುವುದು ಎಂದು ಬಾಯಾರಿ ನಡೆಯುವುದು ಭಕ್ತಿಯಲ್ಲ. ಆ ತಪಸ್ಸಿಗೆ ಅವರ ದೇಹ ವರ್ಷಗಳಿಂದ ಪಳಗಿದೆ. ಬಿಪಿ, ಸಕ್ಕರೆ ಕಾಯಿಲೆ ಇರುವವರು ವೈದ್ಯರನ್ನು ಕೇಳಿಯೇ ಬರಬೇಕು. ಯಾರಿಗಾದರೂ ಮೈ ಸುಡುತ್ತಿದ್ದು, ಮಾತು ತಡವರಿಸಿದರೆ ಕೂಡಲೇ ನೆರಳಿಗೆ ಕರೆದೊಯ್ದು, ಮೈ ಒದ್ದೆ ಮಾಡಿ, 108ಕ್ಕೆ ಕರೆ ಮಾಡಬೇಕು.

ಈ ಬೇಸಿಗೆಯ ನಡುವೆಯೇ ಅಕ್ಷಯ ತೃತೀಯ ಬರುತ್ತದೆ. ಆದಿನಾಥ ಸ್ವಾಮಿ ಆಹಾರಕ್ಕೆಂದು ಬಂದಾಗ ಜನ ರತ್ನ, ಆನೆ, ಕುದುರೆಗಳನ್ನು ತಂದೊಪ್ಪಿಸಿದರು. ಅವರಲ್ಲಿ ಭಕ್ತಿಗೆ ಕೊರತೆ ಇರಲಿಲ್ಲ; ಏನನ್ನು, ಹೇಗೆ ಕೊಡಬೇಕೆಂಬುದು ತಿಳಿದಿರಲಿಲ್ಲ. ಹಸ್ತಿನಾಪುರದಲ್ಲಿ ಶ್ರೇಯಾಂಸ ರಾಜ ವಿಧಿ ಅರಿತು ಕಬ್ಬಿನ ರಸ ನೀಡಿದ ದಿನವೇ ಆ ಪರ್ವ. ವಿಹಾರದಲ್ಲೂ ಹಾಗೆಯೇ: ಊರ ಬಾಗಿಲಿಗೆ ತೋರಣ ಕಟ್ಟುವ ಮೊದಲು ಊರ ಬಾವಿಯಲ್ಲಿ ನೀರಿದೆಯೇ ಎಂದು ನೋಡಿ ಬರುವವರು ಬೇಕು.