ಬೆಂಕಿ ತಾಗದಿದ್ದರೆ ಬೋಲ್ಟ್ ಹಾಳಾಗುವುದಿಲ್ಲವೇ?

ತುಕ್ಕು ಹಿಡಿದು ಕಚ್ಚಿಕೊಂಡ ನಟ್ಟಿನ ಸುತ್ತ ತಾಮ್ರದ ಸುರುಳಿ. ಸ್ವಿಚ್ ಒತ್ತಿದ ಸ್ವಲ್ಪ ಹೊತ್ತಿಗೇ ನಟ್ ಕೆಂಡದಂತಾಗುತ್ತದೆ, ಸ್ಪ್ಯಾನರ್ ಹಾಕಿದರೆ ಸಲೀಸಾಗಿ ತಿರುಗುತ್ತದೆ. ಇಂಡಕ್ಷನ್ ಹೀಟರ್‌ನ ಇಂಥ ವಿಡಿಯೊಗಳನ್ನು ನೀವೂ ನೋಡಿರಬಹುದು. ನಟ್ ಬಿಚ್ಚುವುದು ನಿಜ. ಆದರೆ 'ಬೆಂಕಿ ತಾಗಿಲ್ಲ, ತಣ್ಣಗಾದ ಮೇಲೆ ಅದೇ ಬೋಲ್ಟ್ ಹಾಕಬಹುದು' ಎಂದುಕೊಂಡರೆ ತಪ್ಪು.

ಇದು ಅಡುಗೆಮನೆಯ ಇಂಡಕ್ಷನ್ ಸ್ಟೌನ ತತ್ವವೇ. ಸುರುಳಿಯಲ್ಲಿ ವೇಗವಾಗಿ ದಿಕ್ಕು ಬದಲಿಸುವ ವಿದ್ಯುತ್ ಹರಿದಾಗ ಒಳಗಿರುವ ಉಕ್ಕಿನಲ್ಲೂ ಸುಳಿಯಂಥ ವಿದ್ಯುತ್ ಹುಟ್ಟಿ, ಲೋಹ ತಾನಾಗಿಯೇ ಕಾಯುತ್ತದೆ. ಕಾಯಿಸಿದ್ದು ಕುಲುಮೆಯೋ, ಗ್ಯಾಸೋ, ಕರೆಂಟೋ ಉಕ್ಕಿಗೆ ಗೊತ್ತಾಗುವುದಿಲ್ಲ. ಎಷ್ಟು ಕಾದಿತು, ಹೇಗೆ ತಣಿಯಿತು ಎಂಬುದಷ್ಟೇ ಲೆಕ್ಕ.

ವಾಹನದ ಅನೇಕ ಬೋಲ್ಟ್‌ಗಳ ತಲೆಯ ಮೇಲೆ 8.8 ಅಥವಾ 10.9 ಎಂದು ಬರೆದಿರುತ್ತದೆ. ಮೊದಲ ಅಂಕಿ 8 ಎಂದರೆ, ಪ್ರತಿ ಚದರ ಮಿಲಿಮೀಟರಿಗೆ ಸುಮಾರು 80 ಕೆಜಿ ಎಳೆತವನ್ನು ಅದು ತಡೆಯಬೇಕು. ಈ ಬಲ ಬರುವುದು ಹದದಿಂದ. ಕಾರ್ಖಾನೆಯಲ್ಲಿ ಉಕ್ಕನ್ನು ಕೆಂಪಗೆ ಕಾಯಿಸಿ ತಟ್ಟನೆ ತಣಿಸುತ್ತಾರೆ. ಆಗ ಅದು ಗಟ್ಟಿಯಾದರೂ ಪೆಡಸು, ಪೆಟ್ಟು ಬಿದ್ದರೆ ಮುರಿಯುತ್ತದೆ. ಹಾಗಾಗಿ ಮತ್ತೊಮ್ಮೆ ಕಡಿಮೆ ಶಾಖದಲ್ಲಿ ಕಾಯಿಸುತ್ತಾರೆ. 8.8 ಬೋಲ್ಟಿಗೆ ಇದು ಕನಿಷ್ಠ 425 ಡಿಗ್ರಿ ಸೆಲ್ಸಿಯಸ್. ಕಮ್ಮಾರರು ಮಚ್ಚಿಗೆ ಹದ ಹಾಕುವುದೂ ಇದೇ ವಿದ್ಯೆ.

ಹಗಲು ಬೆಳಕಿನಲ್ಲೇ ಬೋಲ್ಟ್ ಕೆಂಪಾಗಿ ಕಂಡರೆ ಅದು 600 ಡಿಗ್ರಿ ದಾಟಿದೆ ಎಂದರ್ಥ. ಅಲ್ಲಿಗೆ ಆ ಹದ ಕೆಟ್ಟಿತು. ನಿಧಾನವಾಗಿ ತಣಿದರೆ ಮೆತ್ತಗಾಗಿ, ಬಿಗಿ ಮಾಡಿದಾಗ ಹಿಗ್ಗುತ್ತದೆ, ಹಿಡಿತ ಸಡಿಲವಾಗುತ್ತದೆ. ಇನ್ನೂ ಹೆಚ್ಚು ಕಾದಿದ್ದಾಗ ನೀರು ಸುರಿದರೆ ಉಲ್ಟಾ, ಪೆಡಸಾಗಿ ಬಿರುಕು ಬಿಡಬಹುದು. ಎರಡೂ ಕಣ್ಣಿಗೆ ಕಾಣುವುದಿಲ್ಲ. ತಲೆಯ ಮೇಲಿನ 8.8 ಮಾತ್ರ ಹಾಗೇ ಇರುತ್ತದೆ!

ಹಾಗೆಂದು ಮೆತ್ತಗಾಗುವುದು ಯಾವಾಗಲೂ ದೋಷವಲ್ಲ. ಮೇಲ್ಮೈ ಗಟ್ಟಿ ಮಾಡಿದ ಶಾಫ್ಟ್‌ನ ಥ್ರೆಡ್ ಭಾಗ ಪೆಡಸಾಗಿದ್ದರೆ ಮುರಿಯುತ್ತದೆ. ಅದಕ್ಕೇ ಕಾರ್ಖಾನೆಗಳಲ್ಲಿ ಆ ತುದಿಯನ್ನಷ್ಟೇ ಇಂಡಕ್ಷನ್‌ನಿಂದ ಬೇಕೆಂದೇ ಮೆತ್ತಗೆ ಮಾಡುತ್ತಾರೆ. ಬೇಕಾದಷ್ಟೇ ಜಾಗ ಕಾಯಿಸಬಹುದು ಎಂಬುದೇ ಇದರ ಹೆಚ್ಚುಗಾರಿಕೆ. ಅಲ್ಲಿ ಶಾಖ, ಸಮಯ ಎರಡಕ್ಕೂ ಅಳತೆಯಿದೆ, ಕೊನೆಗೆ ಗಡಸುತನದ ಪರೀಕ್ಷೆಯೂ ಇರುತ್ತದೆ.

ಗ್ಯಾರೇಜಿನಲ್ಲಿ ಚಕ್ರ, ಬ್ರೇಕ್ ಅಥವಾ ಸಸ್ಪೆನ್ಷನ್‌ನ ಬೋಲ್ಟ್ ಕೆಂಪಗೆ ಕಾಯಿಸಿ ಬಿಚ್ಚಿದರೆ, ಅದೇ ಅಳತೆಯ, ಅದೇ ದರ್ಜೆಯ ಹೊಸ ಬೋಲ್ಟ್ ಮತ್ತು ನಟ್ ಹಾಕಿಸಿ. ಹಳೆಯದನ್ನು ಡಬ್ಬಿಗೆ ಹಾಕಿಟ್ಟರೆ ನಾಳೆ ಯಾರಾದರೂ ತೆಗೆದು ಬಳಸಿಯಾರು, ಗುಜರಿಗೆ ಕೊಡಿ.