ಕುಂಡದಲ್ಲಿ ಟೊಮೇಟೊ

ಉತ್ತರ ಕನ್ನಡ ಜಿಲ್ಲೆಯ ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳು ಅರಬ್ಬೀ ಸಮುದ್ರಕ್ಕೂ ಸಹ್ಯಾದ್ರಿಗೂ ನಡುವೆ ಇವೆ. ಇಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುತ್ತದೆ. ತೆಂಗು, ಅಡಕೆ, ಭತ್ತಗಳಿಗೆ ಈ ನೆಲ ಚೆನ್ನಾಗಿ ಒಗ್ಗಿದೆ. ಆದರೆ ದಕ್ಷಿಣ ಅಮೆರಿಕದಿಂದ ಬಂದ ಟೊಮೇಟೊ ಇಲ್ಲಿ ಸುಲಭವಾಗಿ ನೆಲೆಯೂರುವುದಿಲ್ಲ.

ಹಿತ್ತಿಲಲ್ಲಿ ನೆಟ್ಟ ಗಿಡ ಹುಲುಸಾಗಿ ಬೆಳೆದು ಹೂ ಬಿಡುವ ಹೊತ್ತಿಗೆ, ಎಲೆಗಳು ಇನ್ನೂ ಹಸುರಾಗಿರುವಾಗಲೇ, ಹಠಾತ್ತನೆ ಬಾಡಿ ಸಾಯುವುದುಂಟು. ನೀರು ಸಾಲದಾಯಿತೆಂದು ಮನೆಯವರು ಮತ್ತಷ್ಟು ನೀರೆರೆಯುತ್ತಾರೆ, ಗಿಡ ಚೇತರಿಸಿಕೊಳ್ಳುವುದಿಲ್ಲ. ಇದಕ್ಕೆ ಮುಖ್ಯ ಕಾರಣ ದುಂಡಾಣು ಸೊರಗು ರೋಗ. ಇದರ ದುಂಡಾಣುವನ್ನು 1896ರಲ್ಲಿ ಅಮೆರಿಕದ ವಿಜ್ಞಾನಿ ಎರ್ವಿನ್ ಸ್ಮಿತ್ ವರ್ಣಿಸಿದನು. ಅದು ಬೇರಿನ ಗಾಯಗಳ ಮೂಲಕ ಒಳಹೊಕ್ಕು, ನೀರು ಸಾಗುವ ನಾಳಗಳಲ್ಲಿ ತುಂಬಿಕೊಳ್ಳುತ್ತದೆ. ಆದ್ದರಿಂದ ಬುಡದಲ್ಲಿ ನೀರಿದ್ದರೂ ತುದಿಗೆ ಏರದು. ಬಾಡಿದ ಕಾಂಡದ ತುಂಡೊಂದನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ತೂಗುಬಿಟ್ಟರೆ, ಕೊಯ್ದ ತುದಿಯಿಂದ ಹಾಲಿನಂಥ ಎಳೆಗಳು ಇಳಿಯುವುದನ್ನು ಯಾರೂ ಕಾಣಬಹುದು.

ಬೆಚ್ಚನೆಯ, ತೇವದ, ಹುಳಿಗುಣದ ಮಣ್ಣು ಈ ದುಂಡಾಣುವಿಗೆ ಹಿತಕರ. ಅದು ವರ್ಷಗಳ ಕಾಲ ಮಣ್ಣಿನಲ್ಲಿ ಉಳಿಯಬಲ್ಲುದು; ಬದನೆ, ಮೆಣಸಿನ ಗಿಡಗಳನ್ನೂ ಬಾಧಿಸಬಲ್ಲುದು. ನೆಲವನ್ನು ಬದಲಿಸಲಾಗದು, ಆದರೆ ಗಿಡವನ್ನು ನೆಲದಿಂದ ಬೇರ್ಪಡಿಸಬಹುದು. ಕುಂಡದ ಪ್ರಯೋಜನವಿರುವುದು ಇಲ್ಲಿಯೇ. ಮನೆಯಂಗಳದಲ್ಲಿ ಮಲ್ಲಿಗೆ ಬೆಳೆದು ಹೆಸರಾದ ಭಟ್ಕಳದವರಿಗೆ ಅಂಗೈಯಗಲದ ಜಾಗದ ಕೃಷಿ ಹೊಸತೇನಲ್ಲ.

ಆದರೆ ರೋಗ ಕಂಡ ಹಿತ್ತಿಲ ಮಣ್ಣನ್ನೇ ಕುಂಡಕ್ಕೆ ತುಂಬಿದರೆ ಶ್ರಮವೆಲ್ಲ ವ್ಯರ್ಥ. ತೊಳೆದ ತೆಂಗಿನ ನಾರಿನ ಪುಡಿ, ಚೆನ್ನಾಗಿ ಕಳಿತ ಗೊಬ್ಬರ, ಉಪ್ಪಿಲ್ಲದ ಮರಳು ಇವುಗಳ ಮಿಶ್ರಣ ಲೇಸು. ಒಂದು ಅಡಿ ಆಳದ ಹಳೆಯ ಬಕೆಟ್ ಆದರೂ ಸಾಕು, ತಳದಲ್ಲಿ ತೂತುಗಳಿರಬೇಕು. ಅಂಗಳದ ನೀರು ಸಿಡಿದು ಒಳಸೇರದಂತೆ ಅದನ್ನು ಕಲ್ಲುಗಳ ಮೇಲೆ ಎತ್ತರದಲ್ಲಿಡಬೇಕು.

ಮಳೆಗಾಲ ಕಳೆದ ಮೇಲೆ, ಅಕ್ಟೋಬರ್ ಸುಮಾರಿಗೆ ಸಸಿ ನೆಡುವುದು ಯುಕ್ತ. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೇಕು. ಕಾಂಡಕ್ಕೆ ಕೋಲಿನ ಆಸರೆ ಬೇಕು. ಒಂದೇ ಹೂವಿನಲ್ಲಿ ಗಂಡು ಹೆಣ್ಣು ಭಾಗಗಳೆರಡೂ ಇರುವುದರಿಂದ, ಗೊಂಚಲನ್ನು ಮೆಲ್ಲನೆ ಅಲುಗಿಸಿದರೆ ಪರಾಗಸ್ಪರ್ಶಕ್ಕೆ ನೆರವಾಗುತ್ತದೆ. ಒಂದು ದಿನ ಒಣಗಿಸಿ ಮರುದಿನ ತೋಯಿಸಿದರೆ ಕಾಯಿಗೆ ಸುಣ್ಣದಂಶ ತಲುಪದೆ ಅದರ ತುದಿ ಕಪ್ಪಾಗಿ ಕೊಳೆಯುತ್ತದೆ. ಬೇಸಗೆಯಲ್ಲಿ ಕಡಲಂಚಿನ ಕೆಲವು ಬಾವಿಗಳ ನೀರು ಉಪ್ಪಾಗುತ್ತದೆ. ಅಂಥ ನೀರು ಗಿಡಕ್ಕೆ ಸಲ್ಲದು.

ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಈ ರೋಗವನ್ನು ತಡೆದುಕೊಳ್ಳುವ ಅರ್ಕ ರಕ್ಷಕ್ ಎಂಬ ತಳಿಯನ್ನು ರೂಪಿಸಿದೆ. ತಳಿ ಉತ್ತಮವಾದರೂ ಎಚ್ಚರ ತಪ್ಪಬಾರದು. ಬಾಡಿದ ಗಿಡವನ್ನು ಕಂಡೊಡನೆ ನೀರೆರೆಯುವುದು ಮರುಕ. ಅದೇಕೆ ಬಾಡಿತೆಂದು ಅರಿಯುವುದು ವಿವೇಕ. ಮುಂದಿನ ಗಿಡವನ್ನು ಉಳಿಸುವುದು ಈ ವಿವೇಕವೇ.